ನೋಂಪಿ ಕಥೆಗೆ ಕಂಪ್ಯೂಟರ್ ಹುಡುಕಿದ್ದು

ನನ್ನ ತೊಡೆಯ ಮೇಲೆ ಈಗ ಒಂದು ಕಂಪ್ಯೂಟರ್ ಇದೆ. ಶಾಲೆಯ ಸ್ಲೇಟಿಗಿಂತ ಸ್ವಲ್ಪ ದೊಡ್ಡದು, ಎರಡು ತೆಂಗಿನಕಾಯಿಗಿಂತ ಹಗುರ. ಇದು ಮಲಗುವುದಿಲ್ಲ. ಮುಚ್ಚಳ ತೆರೆದರೆ ಸಾಕು, ಮುಚ್ಚುವಾಗ ಯಾವ ಅಕ್ಷರದ ಹತ್ತಿರ ಬಿಟ್ಟಿದ್ದೆನೋ ಅಲ್ಲೇ ನಿಂತುಕೊಂಡು ನನ್ನ ಮುಖ ನೋಡುತ್ತದೆ. ಇದನ್ನು ಆರಿಸಲು ನನಗೆ ಏಳು ತಿಂಗಳು ಹಿಡಿಯಿತು. ಮದುವೆಗೆ ಹೆಣ್ಣು ನೋಡಿ ಒಪ್ಪಿಕೊಂಡಿದ್ದು ಒಂದೇ ಮಧ್ಯಾಹ್ನದಲ್ಲಿ. ನನ್ನ ಹೆಂಡತಿ ಬದುಕಿದ್ದರೆ ಈ ಮಾತನ್ನು ನಾನು ಹೀಗೆ ಧೈರ್ಯವಾಗಿ ಬರೆಯುತ್ತಿರಲಿಲ್ಲ.

ಆರಿಸುವುದು ನಮ್ಮ ಮನೆತನದ ಕಾಯಿಲೆ. ಅಪ್ಪ ಅರಸೀಕೆರೆಯಲ್ಲಿ ಕೊಬ್ಬರಿ ವ್ಯಾಪಾರ ಮಾಡುತ್ತಿದ್ದರು. ನಮ್ಮ ಕಡೆ ಕಾಯಿಯನ್ನು ಅಟ್ಟದ ಮೇಲೆ ಹಾಕಿ ವರ್ಷದ ಹತ್ತಿರ ಹಾಗೇ ಬಿಡುತ್ತಾರೆ. ಒಳಗಿನ ನೀರು ಇಂಗಿ, ತಿರುಳು ಚಿಪ್ಪನ್ನು ಬಿಟ್ಟು ಉಂಡೆಯಾಗುತ್ತದೆ. ಅಲ್ಲಾಡಿಸಿದರೆ ಲೊಟಲೊಟ ಎನ್ನುತ್ತದೆ. ಅಪ್ಪ ಅಟ್ಟದ ಮೇಲೆ ಕುಕ್ಕರುಗಾಲಲ್ಲಿ ಕೂತು ಒಂದೊಂದೇ ಕಾಯಿಯನ್ನು ಕಿವಿಯ ಹತ್ತಿರ ಅಲ್ಲಾಡಿಸಿ, ಕೆಳಗಿಟ್ಟು, ಮನಸ್ಸು ಬದಲಾಯಿಸಿ, ಮತ್ತೆ ಎತ್ತಿಕೊಳ್ಳುತ್ತಿದ್ದರು. ಏಣಿ ಹಿಡಿದು ಕೆಳಗೆ ನಿಂತ ನನ್ನ ಕಣ್ಣಿಗೆ ನಾರಿನ ಧೂಳು ಉದುರುತ್ತಿತ್ತು. ಅಡುಗೆಮನೆಯಿಂದ ಅಮ್ಮ, "ಕಾಯಿ ಆರಿಸ್ತಿದ್ದೀರೋ, ಕಾಯಿ ಹತ್ರ ಯೋಗಕ್ಷೇಮ ವಿಚಾರಿಸ್ತಿದ್ದೀರೋ?" ಎಂದು ಕೂಗುತ್ತಿದ್ದಳು. ಅಪ್ಪ ಇನ್ನೊಂದು ಕಾಯಿಯನ್ನು ಕಿವಿಗೆ ಹಿಡಿಯುತ್ತಿದ್ದರು. ಆರಿಸುತ್ತಿರುವಷ್ಟು ಹೊತ್ತು ಮನುಷ್ಯನನ್ನು ಯಾರೂ ಇನ್ನೊಂದು ಕೆಲಸಕ್ಕೆ ಕರೆಯುವ ಹಾಗಿಲ್ಲ ಎಂಬುದನ್ನು ನಾನು ಅಲ್ಲೇ ಕಲಿತೆನೆಂದು ಕಾಣುತ್ತದೆ.

ಎಸ್ಸೆಸ್ಸೆಲ್ಸಿಯನ್ನು ಎರಡನೆಯ ಸಲಕ್ಕೆ ಪಾಸು ಮಾಡಿದೆ. ಮುಂದಕ್ಕೆ ಓದು ಹತ್ತಲಿಲ್ಲ, ಟೈಪಿಂಗ್ ಹತ್ತಿತು. ರೈಲ್ವೆ ಸ್ಟೇಷನ್ನಿನ ಹತ್ತಿರ ಎಂಟು ಮಿಷಿನ್ ಇಟ್ಟುಕೊಂಡು ಶಾಲೆ ತೆಗೆದೆ. ಗೂಡ್ಸ್ ಗಾಡಿ ಹೋಗುವಾಗ ಎಂಟೂ ಮಿಷಿನ್ ತಾವಾಗಿಯೇ ಗಿರಗಿರ ಎನ್ನುತ್ತಿದ್ದವು. ಕೀಲಿಗಳನ್ನು ನೋಡಿಕೊಂಡು ಟೈಪ್ ಮಾಡಿದವರ ಬೆರಳಿನ ಗಿಣ್ಣಿಗೆ ಅಡಿಪಟ್ಟಿಯಲ್ಲಿ ಒಂದೇಟು ಬೀಳುತ್ತಿತ್ತು. ಆ ಏಟು ತಿಂದವರು ಈಗ ಬ್ಯಾಂಕಿನಲ್ಲಿ, ಕೋರ್ಟಿನಲ್ಲಿ ದೊಡ್ಡವರಾಗಿ ನಿವೃತ್ತರೂ ಆಗಿದ್ದಾರೆ. ಹೊಡೆದ ನಾನು ಮಾತ್ರ ಅಲ್ಲೇ ಉಳಿದು, ಟೈಪ್‌ರೈಟರ್ ಹೋಗಿ ಕಂಪ್ಯೂಟರ್ ಬಂದಾಗ ಅದರಲ್ಲಿ ಲಗ್ನಪತ್ರಿಕೆ ಮಾಡಿಕೊಂಡು ಹೊಟ್ಟೆ ಹೊರೆದೆ. ಮಿಷಿನ್ ಬದಲಾದರೂ ಕೀಲಿಯ ಜೋಡಣೆ ಬದಲಾಗದ ಒಂದು ಹಳೆಯ ಕನ್ನಡ ಪ್ರೋಗ್ರಾಂ ನನಗೆ ಸಿಕ್ಕಿತ್ತು. ಐವತ್ತು ವರ್ಷ ನನ್ನ ಬೆರಳು ಯೋಚಿಸಿದ್ದು ಆ ಜೋಡಣೆಯಲ್ಲೇ. ಬಸ್ಸಿನಲ್ಲಿ ಕೂತರೆ ಈಗಲೂ ಪಕ್ಕದವರ ಮಾತನ್ನು ಮಂಡಿಯ ಮೇಲೆ ಟೈಪ್ ಮಾಡುತ್ತಿರುತ್ತೇನೆ. ಫೋನಿನ ಗಾಜಿನ ಮೇಲೆ ಬರೆಯುವುದೆಂದರೆ ನನಗೆ ಇರುವೆ ಒರೆಸಿದ ಹಾಗೆ.

ಇಷ್ಟು ಹೊತ್ತು ನಾನು ಸುತ್ತು ಹಾಕುತ್ತಿದ್ದೇನೆ ಎಂದು ನಿಮಗೂ ಗೊತ್ತಾಗಿರಬೇಕು. ವಿಷಯಕ್ಕೆ ಬರುತ್ತೇನೆ.

ಹಳೇಬೀಡಿನ ಪಕ್ಕದ ಬಸ್ತಿಹಳ್ಳಿಯಲ್ಲಿ ಮರುದೇವಮ್ಮ ಎಂಬ ಜೈನರ ಮನೆಯ ಹಿರಿಯರಿದ್ದಾರೆ. ಇಪ್ಪತ್ತೈದು ಇಪ್ಪತ್ತಾರು ವರ್ಷದ ಹಿಂದೆ ಅವರು ನನ್ನ ಅಂಗಡಿಗೆ ಒಂದು ಉದ್ದನೆಯ ರಟ್ಟಿನ ಪುಸ್ತಕ ತಂದುಕೊಟ್ಟರು. ನೋಂಪಿ ಎಂದರೆ ಅವರ ಹೆಂಗಸರು ಹಿಡಿಯುವ ವ್ರತ. ಒಂದೊಂದು ನೋಂಪಿಗೂ ಒಂದೊಂದು ಕಥೆ. ಕಥೆ ಕೇಳದೆ ನೋಂಪಿ ಇಲ್ಲ. ಆ ಮನೆಯ ಕಥೆಗಳನ್ನೆಲ್ಲ ಅವರ ಅತ್ತೆ ಕೈಯಾರೆ ಆ ಪುಸ್ತಕದಲ್ಲಿ ಬರೆದಿಟ್ಟಿದ್ದರು. ಮರುದೇವಮ್ಮ ಒಂದು ದೊಡ್ಡ ನೋಂಪಿ ಹಿಡಿದು ಒಂಬತ್ತು ವರ್ಷ ನಡೆಸಿದ್ದರು. ಅದನ್ನು ಮುಗಿಸುವ ದಿನ ಬಸದಿಗೂ ಬಂದ ಹೆಂಗಸರಿಗೂ ಕಥೆಯ ಪ್ರತಿಗಳನ್ನು ದಾನ ಕೊಡಬೇಕು. ಹಾಗೆ ಕೊಟ್ಟರೆ ಮಾತ್ರ ವ್ರತ ಮುಗಿದಂತೆ. ಹಿಂದೆ ಓಲೆಯ ಮೇಲೆ ಬರೆಸುತ್ತಿದ್ದರಂತೆ. ಇವರು ನನ್ನಲ್ಲಿ ಟೈಪ್ ಮಾಡಿಸಲು ಬಂದಿದ್ದರು.

ಮೂರು ಕಥೆ ಟೈಪ್ ಮಾಡಿದೆ. ಅಷ್ಟರಲ್ಲಿ ಲಗ್ನದ ಕಾಲ ಬಂತು. ಆ ಹಾಳೆಗಳನ್ನು ಒಳಗಿಟ್ಟು ಪುಸ್ತಕವನ್ನು ಮೇಲಿನ ಹಲಗೆಗೆ ಹಾಕಿದೆ. ಅಂಗಡಿಯನ್ನು ಬೇರೆ ಬೀದಿಗೆ ಬದಲಾಯಿಸುವಾಗ ಹಳೆಯ ಕಾಗದದ ಕಟ್ಟುಗಳನ್ನೆಲ್ಲ ರದ್ದಿಯವನಿಗೆ ಹಾಕಿದೆ. ಆ ಕಟ್ಟಿನಲ್ಲಿ ಅದೂ ಹೋಯಿತು. ಗೊತ್ತಾಗಿ ಮಾರನೆಯ ಬೆಳಿಗ್ಗೆ ಓಡಿದೆ. ಲಾರಿ ತುಂಬಿಕೊಂಡು ಹೋಗಿ ಆಗಿತ್ತು.

ಎರಡು ದಿನ ಕಳೆದು ಮರುದೇವಮ್ಮ ಬಂದರು. "ಏನ್ ಮೇಷ್ಟ್ರೇ, ಆಯ್ತಾ?" ಎಂದರು. ನಾನು ಬಾಯಿ ತೆರೆದೆ. ಅದರಿಂದ ಬಂದ ಮಾತು ಇದು: "ಇನ್ನೂ ಆಗಿಲ್ಲ, ಕೆಲ್ಸ ಜಾಸ್ತಿ ಅಂತ ಪುಸ್ತಕಾನ ಹೋದ ವಾರ ನಿಮ್ಮ ಮೈದುನ್ರ ಕೈಲೇ ವಾಪಸ್ ಕೊಟ್ಟು ಕಳಿಸಿದ್ನಲ್ಲ ಅಕ್ಕಾವ್ರೇ."

ಅವರ ಮೈದುನ ಧರಣೇಂದ್ರಯ್ಯ ವಾರಕ್ಕೊಮ್ಮೆ ಮನೆಯ ಸಾಮಾನಿಗೆಂದು ಅರಸೀಕೆರೆಗೆ ಬರುತ್ತಿದ್ದವರು. ನನ್ನ ಅಂಗಡಿಯಲ್ಲಿ ಐದು ನಿಮಿಷ ಕೂತು ನೀರು ಕುಡಿದು ಹೋಗುತ್ತಿದ್ದರು. ಮರೆವಿನ ಮನುಷ್ಯ. ಒಂದು ಮಳೆಗಾಲಕ್ಕೆ ಮೂರು ಕೊಡೆ ಬಸ್ಸಿನಲ್ಲಿ ಬಿಟ್ಟವರು. ಆದ್ದರಿಂದ ನನ್ನ ಮಾತನ್ನು ಎಲ್ಲರೂ ನಂಬಿದರು. ಅದನ್ನು ಎಲ್ಲರಿಗಿಂತ ಹೆಚ್ಚಾಗಿ ನಂಬಿದವರು ಧರಣೇಂದ್ರಯ್ಯನೇ.

ಮುಂದಿನ ವಾರ ಬಂದು ನನ್ನೆದುರು ಬೆಂಚಿನ ತುದಿಯಲ್ಲಿ ಕೂತರು.

"ಮೇಷ್ಟ್ರೇ, ನೀವು ಪುಸ್ತಕ ಕೊಟ್ಟಾಗ ನನ್ ಕೈಲಿ ಯಾವ ಚೀಲ ಇತ್ತು? ಕೆಂಪುದಾ, ಗೊಬ್ಬರದ ಚೀಲಾನಾ?"

ನಿಜ ಹೇಳಲು ಅದಕ್ಕಿಂತ ಒಳ್ಳೆಯ ಸಮಯ ಇನ್ನು ಬರುವುದಿಲ್ಲವೆಂದು ನನಗೆ ಆಗಲೇ ಗೊತ್ತಿತ್ತು. ನೆನಪು ಮಾಡಿಕೊಳ್ಳುವವನ ಹಾಗೆ ಸೂರಿನ ಕಡೆ ನೋಡಿ, "ಕೆಂಪುದು" ಎಂದೆ.

"ಹಂಗಾದ್ರೆ ಜಾವಗಲ್‌ನಲ್ಲಿ ಇಳಿದಾಗ ಬಿಟ್ಟಿರ್ತೀನಿ. ಅಲ್ಲಿ ಟೀ ಕುಡ್ದಿದ್ದೆ. ನನ್ ತಲೆಗೆ ಬೆಂಕಿ ಹಾಕ. ನಿಮ್ಗೂ ತೊಂದ್ರೆ ಕೊಟ್ಟೆ, ತಪ್ಪಾಯ್ತು ಮೇಷ್ಟ್ರೇ."

ಅವರು ನನಗೆ ತಪ್ಪಾಯ್ತು ಎಂದು ಹೇಳಿದರು. ನಾನು "ಪರವಾಗಿಲ್ಲ ಬಿಡಿ" ಎಂದೆ.

ಆಮೇಲೆ ಅವರು ವರ್ಷಗಟ್ಟಲೆ ಜಾವಗಲ್ ಬಸ್‌ಸ್ಟ್ಯಾಂಡಿನ ಅಂಗಡಿಗಳಲ್ಲಿ ಕೆಂಪು ಚೀಲ ವಿಚಾರಿಸುತ್ತಿದ್ದರಂತೆ. ಊರಿನಲ್ಲಿ ಯಾರಾದರೂ ಅವರ ಕೈಗೆ ಏನನ್ನಾದರೂ ಕೊಡಲು ಹೋದರೆ, ಪಕ್ಕದವರು, "ಅಯ್ಯೋ, ಧರಣಿ ಕೈಲಿ ಬ್ಯಾಡ ಕಣ್ರೋ, ಜಾವಗಲ್ ಪಾಲಾಗ್ತದೆ!" ಎಂದು ನಗುತ್ತಿದ್ದರಂತೆ. ಮರುದೇವಮ್ಮ ಬೈಯಲಿಲ್ಲ. ಬಸದಿಗೆ ಹೋಗುವ ಪೂಜೆಯ ಸಾಮಾನನ್ನು ಅವರ ಕೈಗೆ ಕೊಡುವುದನ್ನು ನಿಲ್ಲಿಸಿದರು, ಅಷ್ಟೆ. ಕಥೆಗಳು ತಮ್ಮ ನೆನಪಿನಲ್ಲಿದ್ದರೂ, ಅತ್ತೆಯ ಕೈಬರಹವಿಲ್ಲದೆ ಪ್ರತಿ ಮಾಡಿಸಲು ಅವರಿಗೆ ಮನಸ್ಸು ಒಪ್ಪಲಿಲ್ಲ. ನೋಂಪಿ ಮುಗಿಯಲಿಲ್ಲ.

ಹೋದ ವರ್ಷ ಧರಣೇಂದ್ರಯ್ಯ ತೀರಿಕೊಂಡರು. ಮಾತನಾಡಿಸಿಕೊಂಡು ಬರಲು ಹೋಗಿದ್ದೆ. ಬಂದವರ ಎದುರು ಮರುದೇವಮ್ಮ ಹೇಳಿದರು: "ಒಳ್ಳೇನು. ಇರುವೆಗೂ ನೋವು ಮಾಡ್ದೋನಲ್ಲ. ಆದ್ರೆ ನನ್ ನೋಂಪಿ ಅವನಿಂದ ನಿಂತೋಯ್ತು." ಧರಣೇಂದ್ರಯ್ಯನವರ ಹೆಂಡತಿ ಸುಮತಮ್ಮ ಅಲ್ಲೇ ಕಂಬಕ್ಕೊರಗಿ ಕೂತಿದ್ದರು. ತಲೆ ಎತ್ತಲಿಲ್ಲ.

ವಾಪಸು ಬರುವ ಬಸ್ಸಿನಲ್ಲಿ ನಾನು ತೀರ್ಮಾನ ಮಾಡಿದೆ. ಮರುದೇವಮ್ಮನವರ ಬಾಯಿಂದ ಆ ಕಥೆಗಳನ್ನೆಲ್ಲ ಕೇಳಿ ಟೈಪ್ ಮಾಡಿ, ಪುಸ್ತಕ ಕಟ್ಟಿಸಿ, ಅವರ ನೋಂಪಿ ಮುಗಿಸಿಕೊಡುವುದು. ಕೊಡುವ ದಿನ ನಿಜ ಹೇಳಿಬಿಡುವುದು. ಮೊದಲು ಪುಸ್ತಕ, ಆಮೇಲೆ ನಿಜ. ಈ ಕ್ರಮವನ್ನು ಗಮನಿಸಿ. ಬರಿಗೈಯಲ್ಲಿ ತಪ್ಪೊಪ್ಪಿಕೊಳ್ಳುವ ಧೈರ್ಯ ನನಗಿರಲಿಲ್ಲ.

ಕೇಳಿದಾಗ ಮರುದೇವಮ್ಮ, ಈ ವಯಸ್ಸಿನಲ್ಲಿ ಇನ್ನು ಅತ್ತೆಯ ಪುಸ್ತಕಕ್ಕೆ ಕಾಯಲಾರೆನೆಂದು ಒಪ್ಪಿಕೊಂಡರು. ಮೊದಲ ಸಲ ನನ್ನ ಹಳೆಯ ಲ್ಯಾಪ್‌ಟಾಪನ್ನು ಹೊತ್ತುಕೊಂಡು ಹೋದೆ. ಅದು ಲ್ಯಾಪ್‌ಟಾಪ್ ಎಂಬುದು ಹೆಸರಿಗೆ ಮಾತ್ರ. ಅದನ್ನು ತೊಡೆಯ ಮೇಲೆ ಇಟ್ಟುಕೊಂಡರೆ ಕಾಲು ಜೋಮು ಹಿಡಿಯುತ್ತದೆ. ಬಟನ್ ಒತ್ತಿದೆ. "ಅಪ್‌ಡೇಟ್ ಆಗುತ್ತಿದೆ, ಆಫ್ ಮಾಡಬೇಡಿ" ಎಂದು ಚಕ್ರ ತಿರುಗಿಸತೊಡಗಿತು. ಇತ್ತ ಮರುದೇವಮ್ಮ ಕಣ್ಣು ಮುಚ್ಚಿ ಕಥೆ ಶುರು ಮಾಡಿಯೇಬಿಟ್ಟರು.

"ತಡೀರಿ ಅಕ್ಕಾವ್ರೇ, ಮಿಷಿನ್ ಇನ್ನೂ ಎದ್ದಿಲ್ಲ."

"ನೋಂಪಿ ಕಥೆ ತಡೆಯಂಗಿಲ್ಲ ಮೇಷ್ಟ್ರೇ. ತಡೆದ್ರೆ ಮೊದ್ಲಿಂದ ಹೇಳ್ಬೇಕು."

ಅದು ಅವರ ಮನೆಯ ಕಟ್ಟುಪಾಡು. ಮೊದಲಿನಿಂದ ಹೇಳಿದರು. ನನ್ನ ಪ್ರೋಗ್ರಾಂ ತೆರೆದುಕೊಳ್ಳುವಷ್ಟರಲ್ಲಿ ಕಥೆಯ ಸೆಟ್ಟಿ ಹಡಗು ಹತ್ತಿ ಹೋಗಿದ್ದ. ಮತ್ತೆ ತಡೆದೆ. ಮತ್ತೆ ಮೊದಲಿನಿಂದ. ಮೂರನೆಯ ಸಲ ಹಡಗು ಹೊರಟಾಗ ಬ್ಯಾಟರಿ ಮುಗಿದು ಪರದೆ ಕಪ್ಪಾಯಿತು. ಆ ಹೊತ್ತಿಗೆ ಕರೆಂಟೂ ಇರಲಿಲ್ಲ. ಮರುದೇವಮ್ಮ ದಣಿದು ಹಾಗೇ ಒರಗಿ ನಿದ್ದೆ ಹೋದರು.

ಫೋನಿನಲ್ಲಿ ರೆಕಾರ್ಡ್ ಮಾಡಬಾರದೇ ಎನ್ನುತ್ತೀರಿ. ಮಾಡಿದೆ. ಫೋನನ್ನು ಮುಂದಿಟ್ಟ ತಕ್ಷಣ ಅವರು ಅದಕ್ಕೆ ಬಗ್ಗಿ, "ಹಲೋ, ಯಾರು? ಊಟ ಆಯ್ತಾ? ಜೋರಾಗಿ ಮಾತಾಡಿ" ಎಂದರು. ಕದ್ದು ದಿಂಬಿನ ಕೆಳಗಿಟ್ಟೆ. ಮನೆಗೆ ಬಂದು ಕೇಳಿದರೆ ಫ್ಯಾನು, ಕುಕ್ಕರಿನ ಐದು ವಿಷಲ್ಲು, ನಡುವೆ ಕಂಚಿನ ಕಂಠದಲ್ಲಿ ನನ್ನದೇ "ಹೂಂ, ಹೂಂ." ಎಂಬತ್ತೇಳು ದಾಟಿದ ಅವರ ದನಿ ತುಟಿಯಿಂದ ಒಂದು ಗೇಣು ಮಾತ್ರ ಬರುತ್ತದೆ.

ಹೀಗೆ ನನಗೆ ಬೇಕಾದ ವಸ್ತು ಏನೆಂಬುದು ಖಚಿತವಾಯಿತು. ಬಸ್ಸಿನಲ್ಲಿ ಹೊರುವಷ್ಟು ಹಗುರವಿರಬೇಕು. ಫೋನಿನ ಹಾಗೆ ಸದಾ ಎಚ್ಚರವಾಗಿರಬೇಕು. ಕರೆಂಟಿಲ್ಲದೆ ಇಡೀ ದಿನ ಬಾಳಬೇಕು. ಆದರೆ ಒಳಗೆ ಮೇಜಿನ ಕಂಪ್ಯೂಟರಿನ ಆಪರೇಟಿಂಗ್ ಸಿಸ್ಟಂ ಇರಬೇಕು, ಇಲ್ಲದಿದ್ದರೆ ನನ್ನ ಹಳೆಯ ಪ್ರೋಗ್ರಾಂ ನಡೆಯುವುದಿಲ್ಲ.

ಅರಸೀಕೆರೆಯಲ್ಲಿ ಕಂಪ್ಯೂಟರ್ ಅಂಗಡಿ ಇಟ್ಟಿರುವ ತ್ರಿವೇಣಿ ನನ್ನ ಹಳೆಯ ವಿದ್ಯಾರ್ಥಿನಿ, ಅಡಿಪಟ್ಟಿಯ ಏಟು ತಿಂದವಳು. ಈಗ ಅವಳಿಗೇ ಮೊಮ್ಮಕ್ಕಳಿದ್ದಾರೆ. ಒಂದು ಟ್ಯಾಬ್ಲೆಟ್ ತೆಗೆದು ತೋರಿಸಿದಳು.

"ಇದು ಯಾವಾಗ್ಲೂ ಆನ್ ಇರುತ್ತೆ ಸಾರ್. ಆದ್ರೆ ಒಳಗಿರೋದು ಫೋನಿನ ಸಿಸ್ಟಂ. ನಿಮ್ಮ ಕಾಲದ ಪ್ರೋಗ್ರಾಂ ಇದ್ರಲ್ಲಿ ನಡೆಯಲ್ಲ."

"ಹಾಗಾದ್ರೆ ಇದು?"

"ಇದ್ರಲ್ಲಿ ನಡೆಯುತ್ತೆ. ಆದ್ರೆ ಏಳಕ್ಕೆ ಟೈಮ್ ಬೇಕು, ಮೂರು ಗಂಟೆಗೆ ಚಾರ್ಜು ಖಾಲಿ."

"ಅದು?"

"ಅದು ತಟ್ಟಂತ ಏಳುತ್ತೆ, ದಿನವೆಲ್ಲ ಬಾಳುತ್ತೆ, ಸಿಸ್ಟಮ್ಮೂ ನಿಮ್ಗೆ ಬೇಕಾದ್ದೇ. ಒಳಗಿನ ಚಿಪ್ಪು ಮಾತ್ರ ಬೇರೆ ಜಾತಿ. ಹಳೇ ಪ್ರೋಗ್ರಾಂ ಕೆಲವು ಓಡುತ್ತೆ, ಕೆಲವು ಮುನಿಸ್ಕೊಳ್ಳುತ್ತೆ. ಹಾಕಿ ನೋಡ್ಬೇಕು."

ನಾನು ಅದನ್ನು ಎತ್ತಿ ಯಾವುದೋ ಯೋಚನೆಯಲ್ಲಿ ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸಿದೆನಂತೆ. ತ್ರಿವೇಣಿ ಬಿದ್ದು ಬಿದ್ದು ನಕ್ಕಳು. "ಸಾರ್, ಬಲಿತಿದ್ಯಾ?"

ತಿಂಗಳುಗಳು ಹೋದವು. ಹಾಸನದ ಅಂಗಡಿಗಳನ್ನು ನೋಡಿದೆ. ನೆಂಟರ ಜೊತೆ ಬೇಲೂರಿಗೆ ಹೋದಾಗ, ದೇವಸ್ಥಾನದ ಹೊರಗೆ ಚಪ್ಪಲಿ ಬಿಡುವ ಕಡೆ ಒಬ್ಬ ಪ್ರವಾಸಿ ಹೆಂಗಸು ಜೋಳಿಗೆಯಿಂದ ನನಗೆ ಬೇಕಾದಂಥದೇ ಒಂದು ಮಿಷಿನ್ ತೆಗೆದು, ತೆರೆದು, ಎರಡು ಸಾಲು ಹೊಡೆದು, ಮುಚ್ಚಿ ಒಳಗಿಟ್ಟಳು. ಅವಳ ಗಂಡ ಇನ್ನೂ ಎರಡನೆಯ ಬೂಟಿನ ದಾರ ಬಿಚ್ಚುತ್ತಿದ್ದ. ನಾನು ದೇವರನ್ನು ನೋಡಲಿಲ್ಲ. ಕಟ್ಟೆಯ ಮೇಲೆ ಕೂತು ಅವರು ಹೊರಗೆ ಬರುವುದನ್ನೇ ಕಾದು, ನನಗೆ ಬರುವ ಇಂಗ್ಲಿಷಿನಲ್ಲಿ ಮಾಡೆಲ್ ನಂಬರ್ ಕೇಳಿಕೊಂಡೆ. ತ್ರಿವೇಣಿ ಅದನ್ನು ನೋಡಿ, "ತರಿಸ್ತೀನಿ ಸಾರ್. ಆದ್ರೆ ಇದರ ತಂಗಿ ಇನ್ನೆರಡು ತಿಂಗಳಿಗೆ ಬರುತ್ತಂತೆ" ಎಂದಳು. ಕಾಯೋಣ ಎಂದೆ.

ಅದೇ ವಾರ ಸುಮತಮ್ಮ ಫೋನ್ ಮಾಡಿದರು. "ಮೇಷ್ಟ್ರೇ, ಅಕ್ಕ ಈಚೀಚೆಗೆ ಮರೀತಾವ್ರೆ. ಕಥೆ ಶುರು ಮಾಡ್ತಾರೆ, ಅರ್ಧಕ್ಕೆ ನನ್ ಮುಖ ನೋಡ್ತಾರೆ. ಬರೋದಾದ್ರೆ ಬ್ಯಾಗ ಬನ್ನಿ."

"ಬರ್ತೀನಿ ತಾಯಿ. ಒಂದು ಒಳ್ಳೆ ಮಿಷಿನ್ ಬರೋದ್ರಲ್ಲೈತೆ, ಅದು ಬಂದ್ಬಿಡ್ಲಿ."

"ಮಿಷಿನ್ನೇ ಆಗ್ಬೇಕಾ ಮೇಷ್ಟ್ರೇ?"

ಆಗಬೇಕಿರಲಿಲ್ಲ. ನನ್ನ ಬಲಗೈ ನಡುಗುತ್ತದೆ, ಪೆನ್ನು ಹಿಡಿದು ಬರೆಯಲಾರೆ, ನಿಜ. ಆದರೆ ಸುಮತಮ್ಮ ಏಳನೆಯ ಕ್ಲಾಸು ಓದಿದವರು, ಮುತ್ತಿನಂಥ ಅಕ್ಷರ. ಒಂದು ನೋಟ್‌ಬುಕ್ ಕೊಟ್ಟು "ನೀವು ಬರೆದುಕೊಳ್ಳಿ, ನಾನು ಆಮೇಲೆ ಟೈಪ್ ಮಾಡುತ್ತೇನೆ" ಎಂದಿದ್ದರೆ ಒಂದು ತಿಂಗಳಲ್ಲಿ ಕೆಲಸ ಮುಗಿಯುತ್ತಿತ್ತು. ಅದು ನನಗೆ ಹೊಳೆಯದೆ ಇರಲಿಲ್ಲ. ಹೊಳೆದಿತ್ತು. ಕೇಳಬೇಕಾದರೆ ಧರಣೇಂದ್ರಯ್ಯನ ಹೆಂಡತಿಯ ಮುಖವನ್ನು ನೇರವಾಗಿ ನೋಡಬೇಕಿತ್ತು. ಇನ್ನೂ ಒಂದು ಮಾತಿದೆ, ಅದನ್ನು ಹೇಳಲು ನಾಚಿಕೆಯಾಗುತ್ತದೆ. ಪುಸ್ತಕ ಬೇಗ ಮುಗಿದರೆ ನಿಜ ಹೇಳುವ ದಿನವೂ ಬೇಗ ಬರುತ್ತಿತ್ತು. ಮಿಷಿನ್ ಆರಿಸುತ್ತಾ ಇದ್ದರೆ ಪಶ್ಚಾತ್ತಾಪ ಪಡುತ್ತಿದ್ದೇನೆ ಎಂಬ ಸಮಾಧಾನವೂ ಸಿಗುತ್ತಿತ್ತು, ಆ ದಿನವೂ ದೂರವಿರುತ್ತಿತ್ತು. ಏಳು ತಿಂಗಳು ನಾನು ನಿಜವಾಗಿ ಆರಿಸಿಕೊಂಡಿದ್ದು ಇದನ್ನೇ.

ಕೊನೆಗೆ ಮಿಷಿನ್ ಬಂತು. ತ್ರಿವೇಣಿ ನನ್ನ ಪ್ರೋಗ್ರಾಂ ಹಾಕಿ ನಡೆಸಿ ತೋರಿಸಿದಳು. ಅದು ಮುನಿಸಿಕೊಳ್ಳಲಿಲ್ಲ. ಹಿಂದಿನ ಭಾನುವಾರ ಅದನ್ನು ಚೀಲಕ್ಕೆ ಹಾಕಿಕೊಂಡು ಬಸ್ತಿಹಳ್ಳಿಗೆ ಹೋದೆ. ಮಧ್ಯಾಹ್ನ ಮೂರು ಗಂಟೆ. ಮರುದೇವಮ್ಮ ಜಗುಲಿಯ ಮೇಲೆ ಬಿಸಿಲಿಗೆ ಕಾಲು ಚಾಚಿ ಕೂತಿದ್ದರು. ಎದುರು ಕೂತು ಮುಚ್ಚಳ ತೆರೆದೆ. ತಟ್ಟನೆ ಬೆಳಕಾಯಿತು. ಪರದೆಯ ಮೇಲಿನ ಗೆರೆ ಮಿಣಕ್ ಮಿಣಕ್ ಎನ್ನುತ್ತಾ ಮೊದಲ ಅಕ್ಷರಕ್ಕೆ ಕಾಯತೊಡಗಿತು. ಬೆರಳುಗಳನ್ನು ಕೀಲಿಯ ಮೇಲೆ ಇಟ್ಟುಕೊಂಡೆ.

"ಹೇಳಿ ಅಕ್ಕಾವ್ರೇ. ಈಗ ಎಲ್ಲಿಂದ ಬೇಕಾದ್ರೂ ಹೇಳಿ."

ಅವರು ನನ್ನನ್ನೇ ನೋಡಿದರು. "ನೀವ್ಯಾರು?"

"ಟೈಪಿಂಗ್ ಮೇಷ್ಟ್ರು, ಅರಸೀಕೆರೆಯವನು."

"ಅರಸೀಕೆರೆಯಿಂದ ಬಂದ್ರಾ? ನಮ್ ಧರಣಿ ಕಂಡ್ನಾ? ಪುಸ್ತಕ ಈಸ್ಕೊಂಡು ಬತ್ತೀನಿ ಅಂತ ಹೋದೋನು ಇನ್ನೂ ಬಂದಿಲ್ಲ."

ಸೆಟ್ಟಿ, ಹಡಗು, ರಾಜನ ಮಗಳು, ಯಾವುದನ್ನು ಕೇಳಿದರೂ ಅವರು "ಹಂಗಾ?" ಎಂದರು, ಯಾರೋ ಪಕ್ಕದ ಊರಿನವರ ಸುದ್ದಿ ಕೇಳಿದ ಹಾಗೆ. ಎಲ್ಲ ಹೋಗಿತ್ತು. ಉಳಿದದ್ದು ಒಂದೇ: ಪುಸ್ತಕ ತರಲು ಹೋದ ಮೈದುನ ಇನ್ನೂ ಬರಲಿಲ್ಲ ಎಂಬುದು.

ಆಗ ನಾನು ಹೇಳಿದೆ. ಕೀಲಿಯ ಮೇಲಿನಿಂದ ಕೈ ತೆಗೆದು, ಅವರ ಕಾಲಿನ ಹತ್ತಿರ ಇಟ್ಟು ಹೇಳಿದೆ. ಪುಸ್ತಕವನ್ನು ಧರಣೇಂದ್ರಯ್ಯನ ಕೈಗೆ ನಾನು ಕೊಡಲೇ ಇಲ್ಲ, ರದ್ದಿಗೆ ಹಾಕಿದವನು ನಾನು, ಹೆದರಿ ಅವರ ಹೆಸರು ಹೇಳಿದೆ, ಕೆಂಪು ಚೀಲವೆಂದು ಸುಳ್ಳು ಹೇಳಿದೆ ಎಂದೆ. ಅವರು ಸಮಾಧಾನವಾಗಿ ಪೂರ್ತಿ ಕೇಳಿದರು.

"ಹೋಗ್ಲಿ ಬಿಡಿ, ನಾಳೆ ಕೊಟ್ಕಳ್ಸಿ" ಎಂದರು. ಆಮೇಲೆ ಒಳಗೆ ತಿರುಗಿ, "ಸುಮತೀ, ಧರಣಿಗೆ ಊಟ ಎತ್ತಿಡೇ. ಹೊತ್ತು ಮುಳುಗೋದ್ರೊಳ್ಗೆ ಬತ್ತಾನೆ."

ಸುಮತಮ್ಮ ಬಾಗಿಲಲ್ಲೇ ನಿಂತಿದ್ದರು. ಎಷ್ಟು ಹೊತ್ತಿನಿಂದಲೋ ಗೊತ್ತಿಲ್ಲ. ಅಳುತ್ತಾರೆ, ಬೈಯುತ್ತಾರೆ ಎಂದುಕೊಂಡೆ. ಅವರು ಒಳಗೆ ಹೋದರು. ತಟ್ಟೆಗೆ ಬಡಿಸಿ, ಮೇಲೊಂದು ತಟ್ಟೆ ಮುಚ್ಚಿ, ತಂದು ಜಗುಲಿಯಲ್ಲಿ ಅಕ್ಕನ ಕಣ್ಣಿಗೆ ಕಾಣುವ ಹಾಗೆ ಇಟ್ಟರು.

"ದಿನಾ ಇಡ್ತೀನಿ" ಎಂದರು ನನಗೆ. "ಇಡದಿದ್ರೆ ಅಕ್ಕ ಉಣ್ಣಲ್ಲ."

ಬಗ್ಗಿ ಮೇಲಿನ ತಟ್ಟೆಯನ್ನು ಸರಿಮಾಡಿದರು.

"ಕೊನೆಕೊನೆಗೆ ನಮ್ಮನೆಯೋರು ನನ್ ಕೈಯಿಂದ ಹಾಲಿನ ಚೊಂಬು ಈಸ್ಕೊಳಕ್ಕೂ ಹೆದರ್ತಿದ್ರು ಮೇಷ್ಟ್ರೇ. ಬಾಗಿಲತನಕ ಹೋಗೋದ್ರೊಳಗೆ ಎಲ್ಲಾದ್ರೂ ಬಿಟ್ಬಿಟ್ರೆ ಅಂತ. 'ನೀನೇ ತಗೊಂಡು ಬಾ ಸುಮತಿ, ನನ್ ಕೈ ಸರಿಯಿಲ್ಲ' ಅನ್ನೋರು. ನಾನೂ ನಕ್ಕಿದ್ದೀನಿ. ಹೆಂಡ್ತಿಯಾಗಿ ನಾನೂ ನಕ್ಕಿದ್ದೀನಿ."

"ತಪ್ಪಾಯ್ತು ತಾಯಿ."

"ನಂಗ್ಯಾಕೆ ಹೇಳ್ತೀರಿ?"

ಅವರು ನನ್ನ ತೊಡೆಯ ಮೇಲಿದ್ದ ಮಿಷಿನ್ನನ್ನು ನೋಡಿದರು.

"ಅದು ಆನ್ ಐತಾ?"

"ಐತೆ."

"ಹಂಗಾದ್ರೆ ಬರೀರಿ. ನೀವು ಅಕ್ಕಂಗೆ ಹೇಳಿದ್ದನ್ನೇ ಬರೀರಿ. ನಕ್ಕೋರೆಲ್ಲ ಓದ್ಬೇಕು."

ಬರೆಯಲು ಕೂತೆ. ಐವತ್ತು ವರ್ಷ ಕೀಲಿ ನೋಡದೆ ಟೈಪ್ ಮಾಡಿದವನು ಅಂದು ಕೀಲಿಗಳನ್ನು ನೋಡಿ ನೋಡಿ ಒತ್ತಿದೆ. ಅವರು ನಿಂತೇ ಇದ್ದರು. ಒಂದೊಂದು ಸಾಲನ್ನೂ ಓದಿ ಹೇಳಿಸಿಕೊಂಡರು. "ಕೆಲವು ಕಾರಣಗಳಿಂದ" ಎಂದು ಬರೆದ ಕಡೆ ನಿಲ್ಲಿಸಿದರು.

"ಯಾವ ಕಾರಣ?"

"ಹೆದರಿಕೆ."

"ಹಂಗೇ ಬರೀರಿ."

ಬಿಸಿಲು ಜಗುಲಿಯನ್ನು ಬಿಟ್ಟು ಅಂಗಳಕ್ಕೆ ಇಳಿಯಿತು. ಮರುದೇವಮ್ಮ ಮುಚ್ಚಿಟ್ಟ ತಟ್ಟೆಯನ್ನು ನೋಡುತ್ತಾ, ದಾರಿಯನ್ನು ನೋಡುತ್ತಾ ತಮ್ಮ ಊಟ ಮುಗಿಸಿ ಒಳಗೆ ಹೋದರು. ಹೊತ್ತು ಮುಳುಗಿತು. ಜೈನರ ಮನೆ, ಕತ್ತಲಾದ ಮೇಲೆ ಯಾರೂ ಉಣ್ಣುವ ಹಾಗಿಲ್ಲ. ಸುಮತಮ್ಮ ಗಂಡನ ತಟ್ಟೆಯನ್ನು ಎತ್ತಿಕೊಂಡು ಹಸುವಿನ ಕಡೆ ಹೊರಟರು. ಎರಡು ಹೆಜ್ಜೆ ಹೋಗಿ, ನನ್ನ ಕಡೆ ತಿರುಗದೆ ಹೇಳಿದರು:

"ಧರಣಿ ಅಂತ ಬರೀಬ್ಯಾಡಿ. ಧರಣೇಂದ್ರಯ್ಯ ಅಂತ ಪೂರ್ತಿ ಬರೀರಿ."